ಗ್ರಾಫೈಟ್: ಔದ್ಯೋಗಿಕ ಅಪಾಯಗಳು ಮತ್ತು ಸುರಕ್ಷಿತ ನಿರ್ವಹಣೆ

ಗ್ರಾಫೈಟ್ ಇಂಗಾಲದ ಪದರ ರಚನೆಯ ಸ್ಫಟಿಕ ರೂಪ. ಗಣಿ, ಎರಕದ ಮನೆ, ಮೂಸೆ ಮತ್ತು ಎಲೆಕ್ಟ್ರೋಡ್ ಕಾರ್ಖಾನೆ, ಬ್ಯಾಟರಿ ಘಟಕ ಮೊದಲಾದ ಕಡೆ ಇದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಗ್ರಾಫೈಟ್ ನ್ಯುಮೋಕೋನಿಯೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಗ್ರಾಫೈಟ್ ತಾನಾಗಿ ತೀವ್ರ ವಿಷವಲ್ಲ. ಅಪಾಯದ ಮಟ್ಟವನ್ನು ಬಹುಪಾಲು ನಿರ್ಧರಿಸುವುದು ಅದರ ಜೊತೆಗೆ ಬರುವ ವಸ್ತುಗಳು: ಅದಿರಿನಲ್ಲಿ ಬೆಣಚು, ಎಲೆಕ್ಟ್ರೋಡ್ ತಯಾರಿಕೆಯಲ್ಲಿ ಪಿಚ್ಚಿನ ಆವಿ, ಶುದ್ಧೀಕರಣದಲ್ಲಿ ಆಮ್ಲ.

ಈ ಲೇಖನದಲ್ಲಿ ನ್ಯುಮೋಕೋನಿಯೋಸಿಸ್ ಎಂದರೆ ಖನಿಜ ಧೂಳು ಶ್ವಾಸಕೋಶದಲ್ಲಿ ನೆಲೆಸುವುದು ಮತ್ತು ಅದಕ್ಕೆ ಅಂಗಾಂಶ ತೋರುವ ಪ್ರತಿಕ್ರಿಯೆ, ಎರಡೂ ಸೇರಿದ ಸ್ಥಿತಿ. ಗಾಳಿಯಲ್ಲಿ ತೇಲುವ ಎಲ್ಲ ಗಾತ್ರದ ಕಣಗಳು ಒಟ್ಟು ಧೂಳು. ಅದರಲ್ಲಿ ಮೂಗು ಮತ್ತು ಶ್ವಾಸನಾಳಗಳನ್ನು ದಾಟಿ ಗಾಳಿಗೂಡುಗಳವರೆಗೆ ಹೋಗಬಲ್ಲ, ಸುಮಾರು 4 ಮೈಕ್ರೋಮೀಟರ್ ಆಸುಪಾಸಿನ ಮತ್ತು ಅದಕ್ಕಿಂತ ಸಣ್ಣ ಕಣಗಳ ಭಾಗ ಸೂಕ್ಷ್ಮಧೂಳು. ಬೆಣಚು ಎಂದರೆ ಸ್ಫಟಿಕ ಸಿಲಿಕದ ಸಾಮಾನ್ಯ ರೂಪ.

ಹಿನ್ನೆಲೆ

ಇಂಗ್ಲೆಂಡಿನ ಕಂಬರ್ಲೆಂಡ್ ಪ್ರಾಂತ್ಯದ ಬಾರೋಡೇಲ್ ಕಣಿವೆಯಲ್ಲಿ 16ನೇ ಶತಮಾನದಿಂದ ಗ್ರಾಫೈಟ್ ಅಗೆಯಲಾಗುತ್ತಿತ್ತು. ಕುರಿಗಳಿಗೆ ಗುರುತು ಹಾಕುವುದರಿಂದ ಹಿಡಿದು ಫಿರಂಗಿ ಗುಂಡಿನ ಅಚ್ಚಿಗೆ ಲೇಪ ಹಚ್ಚುವವರೆಗೆ ಅದು ಬಳಕೆಯಾಯಿತು. ಸೀಸದ ಬಗೆಯೆಂದೇ ಬಹುಕಾಲ ಎಣಿಸಲಾಗಿದ್ದ ಈ ಖನಿಜ ಇಂಗಾಲವೆಂದು 1779ರಲ್ಲಿ ಕಾರ್ಲ್ ವಿಲ್ಹೆಲ್ಮ್ ಷೀಲೆ ತೋರಿಸಿದ. ಸೀಸದ ವಿಷಬಾಧೆಗೂ ಗ್ರಾಫೈಟಿಗೂ ಸಂಬಂಧವಿಲ್ಲ. ಜೇಡಿಮಣ್ಣಿನೊಡನೆ ಗ್ರಾಫೈಟ್ ಪುಡಿ ಕಲಸಿ ಸುಟ್ಟು ಪೆನ್ಸಿಲ್ ಕಡ್ಡಿ ಮಾಡುವ ವಿಧಾನವನ್ನು 1795ರಲ್ಲಿ ನಿಕೊಲಾ ಜಾಕ್ ಕೊಂತೆ ರೂಪಿಸಿದ. ಕೃತಕ ಗ್ರಾಫೈಟ್ ತಯಾರಿಕೆಗೆ 1896ರಲ್ಲಿ ಎಡ್ವರ್ಡ್ ಗುಡ್‌ರಿಚ್ ಅಚೆಸನ್ ಅಮೆರಿಕದಲ್ಲಿ ಪೇಟೆಂಟ್ ಪಡೆದ.

ಗ್ರಾಫೈಟ್ ಧೂಳು ನಿರಪಾಯಕಾರಿ ಎಂಬ ನಂಬಿಕೆ 20ನೇ ಶತಮಾನದ ನಡುವಿನವರೆಗೂ ಉಳಿದಿತ್ತು. ಅದನ್ನು ಸಡಿಲಿಸಿದ ವರದಿಗಳು ಮೂರು ಭಿನ್ನ ಕಸುಬುಗಳಿಂದ ಬಂದವು. 1961ರಲ್ಲಿ ಲಿಸ್ಟರ್, ಕೃತಕ ಗ್ರಾಫೈಟ್ ಕಾರ್ಮಿಕನೊಬ್ಬನಲ್ಲಿ ಕಾಯಿಲೆ ಕಂಡುದನ್ನು ಬ್ರಿಟನ್ನಿನ ವೈದ್ಯಕೀಯ ನಿಯತಕಾಲಿಕದಲ್ಲಿ ದಾಖಲಿಸಿದ. 1966ರಲ್ಲಿ ಗೆನ್ಸ್ಲರ್ ಮತ್ತು ಸಂಗಡಿಗರು ಅಮೆರಿಕದ ಎಲೆಕ್ಟ್ರೋಟೈಪ್ ಮುದ್ರಣ ಕೆಲಸಗಾರರಲ್ಲಿ ಇದೇ ಕಾಯಿಲೆಯನ್ನು ವಿವರಿಸಿದರು. ಮೇಣದ ಅಚ್ಚಿನ ಮೇಲೆ ತಾಮ್ರ ಕೂರಬೇಕಾದರೆ ಅಚ್ಚು ವಿದ್ಯುತ್ ಹರಿಸಬೇಕು. ಅದಕ್ಕಾಗಿ ಅವರು ದಿನವಿಡೀ ಅಚ್ಚುಗಳಿಗೆ ನುಣ್ಣನೆಯ ಗ್ರಾಫೈಟ್ ಪುಡಿ ಉಜ್ಜುತ್ತಿದ್ದರು. ಮೂರನೆಯದು ಶ್ರೀಲಂಕಾದ ಗಣಿಗಳ ಅಧ್ಯಯನ. ಅದನ್ನು ಮುಂದೆ ವಿವರಿಸಿದೆ.

ರಚನೆ ಮತ್ತು ಗುಣಗಳು

ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಷಟ್ಕೋನ ಜಾಲಗಳಾಗಿ ಹೆಣೆದುಕೊಂಡು ಹಾಳೆಗಳಾಗಿರುತ್ತವೆ. ಹಾಳೆಯೊಳಗಿನ ಪರಮಾಣುಗಳ ಅಂತರ 0.142 ನ್ಯಾನೋಮೀಟರ್, ಹಾಳೆಗಳ ನಡುವಿನ ಅಂತರ 0.335 ನ್ಯಾನೋಮೀಟರ್. ಹಾಳೆಗಳ ನಡುವಿನ ಬಂಧ ದುರ್ಬಲವಾದ್ದರಿಂದ ಅವು ಒಂದರ ಮೇಲೊಂದು ಜಾರುತ್ತವೆ. ಮೋಸ್ ಮಾಪಕದಲ್ಲಿ ಇದರ ಗಡಸುತನ 1ರಿಂದ 2. ಸಾಂದ್ರತೆ ನೀರಿನ ಎರಡು ಪಟ್ಟಿಗೆ ಸ್ವಲ್ಪ ಹೆಚ್ಚು.

ಸುರಕ್ಷತೆಯ ದೃಷ್ಟಿಯಿಂದ ಮುಖ್ಯವಾದ ನಾಲ್ಕು ಗುಣಗಳಿವೆ. ಮೆದುವಾದ್ದರಿಂದ ಅರೆದಾಗ, ಕಡೆದಾಗ ಸುಲಭವಾಗಿ ಸೂಕ್ಷ್ಮಧೂಳಾಗುತ್ತದೆ. ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ನೀರು ಅದರ ಮೇಲ್ಮೈಗೆ ಅಂಟದೆ ಜಾರುತ್ತದೆ. ದೇಹದ ದ್ರವಗಳಲ್ಲಿ ಕರಗುವುದಿಲ್ಲ. ಹಾಗಾಗಿ ಶ್ವಾಸಕೋಶ ಸೇರಿದ ಕಣವನ್ನು ದೇಹ ಹೊರಗೆ ಸಾಗಿಸಬೇಕು ಅಥವಾ ಒಳಗೇ ಇಟ್ಟುಕೊಳ್ಳಬೇಕು.

ಬಗೆಗಳು

ನೈಸರ್ಗಿಕ ಗ್ರಾಫೈಟ್ ಮೂರು ಬಗೆಯಲ್ಲಿ ಸಿಗುತ್ತದೆ. ರೂಪಾಂತರಗೊಂಡ ಶಿಲೆಗಳಲ್ಲಿ ಹರಡಿರುವುದು ಹಳಕು ಗ್ರಾಫೈಟ್; ಬೆಣಚು, ಅಭ್ರಕ, ಫೆಲ್ಡ್‌ಸ್ಪಾರ್ ಇದರೊಡನೆ ಬೆರೆತಿರುತ್ತವೆ. ಕಲ್ಲಿದ್ದಲಿನ ಪದರ ಭೂಶಾಖದಿಂದ ಮಾರ್ಪಟ್ಟಾಗ ಸಿಗುವ, ಬಹಳ ಸಣ್ಣ ಹರಳುಗಳದ್ದು ಮಣ್ಣುರೂಪದ ಗ್ರಾಫೈಟ್. ಬಂಡೆಯ ಬಿರುಕುಗಳಲ್ಲಿ ತುಂಬಿಕೊಂಡದ್ದು ಸಿರೆ ಗ್ರಾಫೈಟ್. ಇದು ಬಹುಶುದ್ಧ, ಮತ್ತು ವಾಣಿಜ್ಯ ಪ್ರಮಾಣದಲ್ಲಿ ಸಿಗುವುದು ಮುಖ್ಯವಾಗಿ ಶ್ರೀಲಂಕಾದಲ್ಲಿ.

ಕೃತಕ ಗ್ರಾಫೈಟಿಗೆ ಪೆಟ್ರೋಲಿಯಂ ಕೋಕ್ ಮತ್ತು ಕಲ್ಲಿದ್ದಲು ಟಾರಿನ ಪಿಚ್ ಮೂಲವಸ್ತುಗಳು. ಎರಡನ್ನೂ ಬಿಸಿಯಲ್ಲಿ ಕಲಸಿ, ಆಕಾರ ಕೊಟ್ಟು, ಸುಮಾರು 800ರಿಂದ 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ, ಬಳಿಕ ವಿದ್ಯುತ್ ಕುಲುಮೆಯಲ್ಲಿ 2,500ರಿಂದ 3,000 ಡಿಗ್ರಿಯವರೆಗೆ ಕಾಯಿಸಲಾಗುತ್ತದೆ. ಸಿದ್ಧವಾದ ವಸ್ತುವಿನಲ್ಲಿ ಬೆಣಚು ಬಹುತೇಕ ಇರುವುದಿಲ್ಲ. ಆದರೆ ಅಚೆಸನ್ ಕುಲುಮೆಯನ್ನು ಮುಚ್ಚುವ ಶಾಖರೋಧಕ ಹೊದಿಕೆಯಲ್ಲಿ ಕೋಕಿನೊಂದಿಗೆ ಮರಳನ್ನೂ ಬಳಸುವ ರೂಢಿಯಿದ್ದುದರಿಂದ, ಕುಲುಮೆ ತುಂಬುವವರಿಗೂ ತೋಡುವವರಿಗೂ ಬೆಣಚಿನ ಧೂಳು ತಪ್ಪಿದ್ದಲ್ಲ. ‘ಕೃತಕ, ಆದ್ದರಿಂದ ಸಿಲಿಕರಹಿತ’ ಎಂಬ ತೀರ್ಮಾನ ಸಿದ್ಧವಸ್ತುವಿಗೆ ಸರಿ, ಕಾರ್ಖಾನೆಗೆ ಅಲ್ಲ.

ಒಡ್ಡಿಕೆಯಾಗುವ ಕೆಲಸಗಳು

ಗಣಿಯಲ್ಲಿ ಕುಳಿ ಕೊರೆಯುವಾಗ, ಸ್ಫೋಟಿಸುವಾಗ, ಅದಿರು ಒಡೆದು ಜರಡಿ ಹಿಡಿಯುವಾಗ, ಒಣಗಿದ ಪುಡಿಯನ್ನು ಚೀಲಕ್ಕೆ ತುಂಬುವಾಗ ಹೆಚ್ಚು ಧೂಳೇಳುತ್ತದೆ. ಇವುಗಳಲ್ಲಿ ಚೀಲ ತುಂಬುವ ಮತ್ತು ಖಾಲಿ ಚೀಲ ಕೊಡವುವ ಕೆಲಸ ಅತಿ ಕೆಟ್ಟದ್ದೆಂದು ಹೇಳಬಹುದು: ಪುಡಿ ಅದಾಗಲೇ ನುಣ್ಣಗಾಗಿರುತ್ತದೆ, ಕಾರ್ಮಿಕನ ಮುಖ ಚೀಲದ ಬಾಯಿಗೆ ಹತ್ತಿರವಿರುತ್ತದೆ.

ಎರಕದ ಮನೆಗಳಲ್ಲಿ ಲೋಹ ಅಚ್ಚಿಗೆ ಅಂಟದಂತೆ ಗ್ರಾಫೈಟ್ ಲೇಪ ಹಚ್ಚುತ್ತಾರೆ. ಒಣ ಪುಡಿಯನ್ನು ಬಟ್ಟೆಗಂಟಿನಿಂದ ಕೊಡವುವ ಹಳೆಯ ಪದ್ಧತಿಗಿಂತ ದ್ರವದಲ್ಲಿ ಕದಡಿ ಬಳಿಯುವುದರಿಂದ ಧೂಳು ಬಹಳ ಕಡಿಮೆಯಾಗುತ್ತದೆ. ಬೆಳಗಾವಿ, ಶಿವಮೊಗ್ಗ ಕಡೆಯ ಫೌಂಡ್ರಿಗಳಂಥ ಸ್ಥಳಗಳಲ್ಲಿ ಅಚ್ಚಿನ ಮರಳೇ ಬೆಣಚಿನ ದೊಡ್ಡ ಮೂಲವಾದ್ದರಿಂದ, ಅಲ್ಲಿ ಗ್ರಾಫೈಟನ್ನು ಮಾತ್ರ ಅಳೆದು ನಿಲ್ಲಿಸುವುದು ಸರಿಯಾದ ಕ್ರಮವಲ್ಲ.

ಮೂಸೆ, ಮೆಗ್ನೀಷಿಯಾ-ಇಂಗಾಲದ ಕುಲುಮೆ ಇಟ್ಟಿಗೆ, ಮೋಟಾರಿನ ಕಾರ್ಬನ್ ಬ್ರಷ್, ಪೆನ್ಸಿಲ್, ಬ್ರೇಕ್ ಲೈನಿಂಗ್, ಒಣ ಕೀಲೆಣ್ಣೆ ಇವೆಲ್ಲವುಗಳ ತಯಾರಿಕೆಯಲ್ಲಿ ಗ್ರಾಫೈಟ್ ಇದೆ. ಈಚೆಗೆ ಗಮನ ಸೆಳೆದಿರುವುದು ಟೂಲ್ ರೂಮುಗಳು. ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಯಂತ್ರಗಳಿಗೆ ಬೇಕಾದ ಗ್ರಾಫೈಟ್ ಎಲೆಕ್ಟ್ರೋಡುಗಳನ್ನು ಸಿಎನ್‌ಸಿ ಯಂತ್ರದಲ್ಲಿ ಒಣಗಿದ್ದಂತೆಯೇ ಕಡೆಯುತ್ತಾರೆ. ಲೋಹದ ಹಾಗೆ ಸುರುಳಿ ಬರದೆ ಹಿಟ್ಟಿನಂಥ ಪುಡಿಯೇ ಬರುತ್ತದೆ.

ಗ್ರಾಫೈಟ್ ನ್ಯುಮೋಕೋನಿಯೋಸಿಸ್

ಗಾಳಿಗೂಡು ತಲುಪಿದ ಕಣಗಳನ್ನು ಭಕ್ಷಕಕೋಶಗಳು ನುಂಗುತ್ತವೆ. ಒಂದಿಷ್ಟು ಕಣಗಳು ಶ್ವಾಸನಾಳದ ಲೋಳೆಯ ಮೂಲಕ ಮೇಲೆ ಬಂದು ಕಫವಾಗಿ ಹೊರಬೀಳುತ್ತವೆ, ಉಳಿದವು ಸಣ್ಣ ಶ್ವಾಸನಾಳಗಳ ಸುತ್ತ ಮತ್ತು ದುಗ್ಧಗ್ರಂಥಿಗಳಲ್ಲಿ ಶೇಖರವಾಗುತ್ತವೆ. ಒಳಬರುವ ಧೂಳು ಹೊರಹೋಗುವುದಕ್ಕಿಂತ ಹೆಚ್ಚಾದಾಗ ಕಪ್ಪು ಮಚ್ಚೆಗಳು ಮೂಡುತ್ತವೆ. ಈ ಹಂತದಲ್ಲಿ ಎಕ್ಸ್‌ರೇಯಲ್ಲಿ ಸಣ್ಣ ಚುಕ್ಕೆಗಳು ಕಂಡರೂ ಉಸಿರಾಟದ ಸಾಮರ್ಥ್ಯ ಕುಂದದಿರಬಹುದು. ಮುಂದುವರಿದಾಗ ಮಚ್ಚೆಗಳ ಸುತ್ತ ನಾರುಗಟ್ಟುತ್ತದೆ. ಕೆಲವರಲ್ಲಿ ಅವು ಒಂದಾಗಿ ದೊಡ್ಡ ಗಂಟುಗಳಾಗುತ್ತವೆ, ಗಂಟಿನ ನಡುಭಾಗ ಕೊಳೆತು ಪೊಳ್ಳಾಗುವುದೂ ಉಂಟು. ಪೊಳ್ಳು ಶ್ವಾಸನಾಳಕ್ಕೆ ತೆರೆದುಕೊಂಡಾಗ ಮಸಿಯಂಥ ಕಪ್ಪು ಕಫ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಗ್ರಾಫೈಟ್ ಕಣದ ಸುತ್ತ ಕಬ್ಬಿಣಯುಕ್ತ ಪ್ರೋಟೀನಿನ ಕವಚ ಕಟ್ಟಿಕೊಂಡ ಕಾಯಗಳು ಕಾಣುತ್ತವೆ. ಇವನ್ನು ಕಲ್ನಾರಿನ ಕಾಯಗಳೆಂದು ತಪ್ಪಾಗಿ ಗುರುತಿಸುವ ಸಾಧ್ಯತೆ ಇದೆ.

ನಾರುಗಟ್ಟಲು ಇಂಗಾಲವೇ ಕಾರಣವೋ ಬೆಣಚೋ ಎಂಬುದು ಹಳೆಯ ಚರ್ಚೆ. ನೈಸರ್ಗಿಕ ಗ್ರಾಫೈಟ್ ಕಾರ್ಮಿಕರ ಕಾಯಿಲೆ ಅನೇಕ ವೇಳೆ ಸಿಲಿಕೋಸಿಸ್ ಬೆರೆತ ಮಿಶ್ರ ರೂಪದ್ದು ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಆದರೆ ಬೆಣಚು ಬಹುತೇಕ ಇಲ್ಲದ ಕೃತಕ ಗ್ರಾಫೈಟಿನ ಕೆಲಸಗಾರರಲ್ಲೂ ಕಾಯಿಲೆ ಕಂಡಿರುವುದರಿಂದ, ಪ್ರಮಾಣ ಸಾಕಷ್ಟು ಹೆಚ್ಚಿದ್ದರೆ ಇಂಗಾಲವೊಂದೇ ಸಾಲುತ್ತದೆ ಎಂದು ತಿಳಿಯಬೇಕಾಗುತ್ತದೆ. ಬೆಣಚು ಬೆರೆತರೆ ಅದೇ ಹಾನಿ ಕಡಿಮೆ ಧೂಳಿನಲ್ಲೇ, ಬೇಗ ಆಗುತ್ತದೆ.

ಈ ಕಾಯಿಲೆಯ ಬಗೆಗಿನ ಪ್ರಮುಖ ಕ್ಷೇತ್ರಾಧ್ಯಯನ ಶ್ರೀಲಂಕಾದ್ದು. 1972ರಲ್ಲಿ ರಣಸಿಂಹ ಮತ್ತು ಉರಗೋಡ, ದೊಡ್ಡ ಗಣಿಯೊಂದರ 344 ಕಾರ್ಮಿಕರನ್ನು ಪರೀಕ್ಷಿಸಿ ಶೇ 22.7 ಮಂದಿಯ ಎಕ್ಸ್‌ರೇಯಲ್ಲಿ ಬದಲಾವಣೆ ಕಂಡರು. ಕೆಮ್ಮು, ಏದುಸಿರು, ಬೆರಳ ತುದಿ ಉಬ್ಬುವಿಕೆ ಬಾಧಿತರ ಮುಖ್ಯ ಲಕ್ಷಣಗಳಾಗಿದ್ದವು. ಅಲ್ಲಿನ ಸಿರೆ ಗ್ರಾಫೈಟ್ ಎಷ್ಟೇ ಶುದ್ಧವಾಗಿರಲಿ, ಅದನ್ನು ತಲುಪಲು ಕೊರೆಯಬೇಕಾದ ಬಂಡೆಯಲ್ಲಿ ಬೆಣಚು ಇರುತ್ತದೆ. ಮಾರಾಟಕ್ಕೆ ಹೋಗುವ ಸರಕಿನ ಶುದ್ಧತೆಯಿಂದ ಗಣಿಗಾರನ ಧೂಳಿನ ಶುದ್ಧತೆಯನ್ನು ಊಹಿಸಲಾಗದು. 1989ರಲ್ಲಿ ಉರಗೋಡ ಪ್ರಕಟಿಸಿದ ಇನ್ನೊಂದು ಲೇಖನ, ಆ ದೇಶದಲ್ಲಿ ಕಾಯಿಲೆಯ ಪ್ರಮಾಣ ಇಳಿಯುತ್ತಿರುವುದನ್ನು ದಾಖಲಿಸಿತು.

ಇದಕ್ಕೆ ಗುಣಪಡಿಸುವ ಔಷಧ ಇಲ್ಲ. ಧೂಳಿನ ಕೆಲಸದಿಂದ ಬಿಡಿಸುವುದು, ಧೂಮಪಾನ ನಿಲ್ಲಿಸುವುದು, ಸೋಂಕುಗಳಿಗೆ ಚಿಕಿತ್ಸೆ ಮಾಡುವುದು ಇವಿಷ್ಟೇ ಉಪಾಯ. ಬೆಣಚಿನ ಧೂಳು ಕ್ಷಯರೋಗದ ಸಾಧ್ಯತೆಯನ್ನು ಹೆಚ್ಚಿಸುವುದರಿಂದ ಭಾರತದಂಥ ದೇಶದಲ್ಲಿ ಕಫ ಪರೀಕ್ಷೆ ಅನಿವಾರ್ಯ. ಎಕ್ಸ್‌ರೇಯಲ್ಲಿ ಕ್ಷಯದ ಕುಳಿಗೂ ನ್ಯುಮೋಕೋನಿಯೋಸಿಸ್ ಗಂಟಿನ ಪೊಳ್ಳಿಗೂ ಹೋಲಿಕೆ ಇದೆ.

ಕ್ಯಾನ್ಸರ್ ಕುರಿತು

ಗ್ರಾಫೈಟ್ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಲ್ಲ. ಅದರ ಜೊತೆಗಾರರು ಇದ್ದಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೆಲಸದ ಸ್ಥಳದಲ್ಲಿ ಉಸಿರಾಡುವ ಸ್ಫಟಿಕ ಸಿಲಿಕವನ್ನು 1997ರಲ್ಲಿ ಒಂದನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ ಸೇರಿಸಿತು. ಕಲ್ಲಿದ್ದಲು ಟಾರಿನ ಪಿಚ್ ಕೂಡ ಅದೇ ಗುಂಪಿನಲ್ಲಿದೆ. ಕಾರ್ಬನ್ ಎಲೆಕ್ಟ್ರೋಡ್ ತಯಾರಿಕೆಯ ಕೆಲಸವನ್ನು ಸಂಸ್ಥೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿನಲ್ಲಿ ಇರಿಸಿದೆ. ಪಿಚ್ ಕಲಸುವ ಮತ್ತು ಬೇಯಿಸುವ ಹಂತಗಳಲ್ಲಿ ಹೊರಡುವ ಬಹುಚಕ್ರೀಯ ಹೈಡ್ರೋಕಾರ್ಬನ್ನುಗಳೇ ಇಲ್ಲಿ ಕಾರಣ. ಪಿಚ್ ತಾಕಿದ ಚರ್ಮ ಬಿಸಿಲಿಗೆ ಉರಿಯುವುದು ಈ ಕೆಲಸಗಾರರು ಬಲ್ಲ ಮೊದಲ ಸೂಚನೆ. ದೇಹಕ್ಕೆ ಎಷ್ಟು ಸೇರಿದೆ ಎಂಬುದನ್ನು ಮೂತ್ರದಲ್ಲಿನ 1-ಹೈಡ್ರಾಕ್ಸಿಪೈರೀನ್ ಅಳೆದು ತಿಳಿಯಬಹುದು. ಗ್ರಾಫೈಟ್ ಆದ ನಂತರದ ಹಂತಗಳಲ್ಲಿ, ಅಂದರೆ ಕಡೆಯುವ ಮತ್ತು ಕೊರೆಯುವ ವಿಭಾಗಗಳಲ್ಲಿ, ಈ ಅಪಾಯ ಬಹುಮಟ್ಟಿಗೆ ಉಳಿದಿರುವುದಿಲ್ಲ.

ಇತರ ಅಪಾಯಗಳು

ಚರ್ಮಕ್ಕೆ ಗ್ರಾಫೈಟ್ ವಿಷವಲ್ಲ. ಗಾಯದೊಳಗೆ ಹೊಕ್ಕರೆ ಹಚ್ಚೆಯಂತೆ ಶಾಶ್ವತ ಕಲೆ ಉಳಿಯುತ್ತದೆ. ಕಣ್ಣಿಗೆ ಬಿದ್ದರೆ ಕಿರಿಕಿರಿ. ನೆಲದ ಮೇಲೆ ಚೆಲ್ಲಿದರೆ ತುಂಬ ಜಾರುತ್ತದೆ.

ವಿದ್ಯುತ್ ಅಪಾಯಕ್ಕೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ಪ್ಯಾನೆಲ್, ಸ್ವಿಚ್, ಮೋಟಾರುಗಳೊಳಗೆ ಕುಳಿತ ಗ್ರಾಫೈಟ್ ಧೂಳು ಶಾರ್ಟ್ ಸರ್ಕ್ಯೂಟ್ ಉಂಟುಮಾಡಿ ಬೆಂಕಿಗೂ ವಿದ್ಯುದಾಘಾತಕ್ಕೂ ಕಾರಣವಾಗುತ್ತದೆ. ಸಾಮಾನ್ಯ ವ್ಯಾಕ್ಯೂಮ್ ಯಂತ್ರದಿಂದ ಈ ಧೂಳು ಹೀರಿದರೆ ಯಂತ್ರದ ಮೋಟಾರೇ ಮೊದಲು ಕೆಡುತ್ತದೆ.

ಗ್ರಾಫೈಟಿಗೆ ಬೆಂಕಿ ಹತ್ತುವುದು ಕಷ್ಟ. ಲೋಹದ ಬೆಂಕಿ ಆರಿಸಲು ಗ್ರಾಫೈಟ್ ಪುಡಿಯನ್ನೇ ಬಳಸುವುದುಂಟು. ಆದರೂ ಅತಿ ನುಣ್ಣನೆಯ ಧೂಳು ಮುಚ್ಚಿದ ಜಾಗದಲ್ಲಿ ದಟ್ಟ ಮೋಡವಾಗಿ, ಬಲವಾದ ಕಿಡಿ ಸಿಕ್ಕಿದರೆ ಸ್ಫೋಟಿಸಬಲ್ಲದು. ಫ್ಲೋರಿನ್, ಕ್ಲೋರಿನ್ ಟ್ರೈಫ್ಲೋರೈಡ್, ಪೊಟ್ಯಾಸಿಯಂ ಪೆರಾಕ್ಸೈಡ್‌ಗಳಂಥ ಪ್ರಬಲ ಆಕ್ಸಿಡೀಕಾರಕಗಳೊಡನೆ ಗ್ರಾಫೈಟನ್ನು ಸಂಗ್ರಹಿಸಬಾರದು. ಬೇಯಿಸುವ ಕುಲುಮೆಗಳ ಸುತ್ತ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳಬಹುದು. ಈ ಅನಿಲಕ್ಕೆ ವಾಸನೆಯಿಲ್ಲವಾದ್ದರಿಂದ ಮಾಪಕವಿಲ್ಲದೆ ಕುಲುಮೆಯ ಹೊಂಡಕ್ಕೆ ಇಳಿಯುವುದು ಪ್ರಾಣಾಪಾಯ. ಗಂಧಕಾಮ್ಲ ತುಂಬಿಸಿದ ಹಿಗ್ಗುವ ಗ್ರಾಫೈಟ್ ಕಾಯಿಸಿದಾಗ ಗಂಧಕದ ಆಕ್ಸೈಡುಗಳನ್ನು ಬಿಡುತ್ತದೆ.

ಮಿತಿಗಳು

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನೈಯೋಷ್ ನೈಸರ್ಗಿಕ ಗ್ರಾಫೈಟಿಗೆ ಶಿಫಾರಸು ಮಾಡಿರುವ ಮಿತಿ, ಪಾಳಿಯ ಸರಾಸರಿಯಲ್ಲಿ, ಘನ ಮೀಟರ್ ಗಾಳಿಗೆ 2.5 ಮಿಲಿಗ್ರಾಂ ಸೂಕ್ಷ್ಮಧೂಳು. ತಕ್ಷಣದ ಪ್ರಾಣಾಪಾಯದ ಮಟ್ಟ 1,250 ಮಿಲಿಗ್ರಾಂ. ಅಲ್ಲಿನ ಔದ್ಯೋಗಿಕ ನೈರ್ಮಲ್ಯ ತಜ್ಞರ ಸಮ್ಮೇಳನ, ನಾರುರೂಪ ಬಿಟ್ಟು ಉಳಿದೆಲ್ಲ ಗ್ರಾಫೈಟಿಗೆ 2 ಮಿಲಿಗ್ರಾಂ ಮಿತಿ ಸೂಚಿಸುತ್ತದೆ. ಬ್ರಿಟನ್ನಿನಲ್ಲಿ ಸೂಕ್ಷ್ಮಧೂಳಿಗೆ 4, ಒಟ್ಟು ಧೂಳಿಗೆ 10 ಮಿಲಿಗ್ರಾಂ. ಅಮೆರಿಕದ ಕಾನೂನುಬದ್ಧ ಮಿತಿ ಮಾತ್ರ ನೈಸರ್ಗಿಕ ಗ್ರಾಫೈಟಿಗೆ ಇಂದಿಗೂ ಘನ ಅಡಿಗೆ 1.5 ಕೋಟಿ ಕಣಗಳೆಂಬ ಹಳೆಯ ಎಣಿಕೆಯಲ್ಲಿದೆ. ಆಧುನಿಕ ಉಪಕರಣಗಳ ತೂಕದ ಅಳತೆಗೆ ಅದನ್ನು ನೇರವಾಗಿ ಹೋಲಿಸಲಾಗದು.

ಭಾರತದ 1948ರ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿ ಬೆಣಚು ಬೆರೆತ ಸೂಕ್ಷ್ಮಧೂಳಿಗೆ ಒಂದು ಸೂತ್ರ ಕೊಟ್ಟಿತ್ತು: 10ನ್ನು, ಬೆಣಚಿನ ಶೇಕಡಾ ಪ್ರಮಾಣಕ್ಕೆ 2 ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಬೆಣಚು ಶೇ 1 ಇದ್ದರೆ ಮಿತಿ ಸುಮಾರು 3.3 ಮಿಲಿಗ್ರಾಂ, ಶೇ 10 ಇದ್ದರೆ 0.83, ಶೇ 30 ಇದ್ದರೆ 0.31. ಒಂದೇ ಗಣಿಯಲ್ಲಿ ಅದಿರಿನ ಧೂಳಿಗೂ ಪಕ್ಕದ ಬಂಡೆಯ ಧೂಳಿಗೂ ಮಿತಿ ಹತ್ತು ಪಟ್ಟು ಬೇರೆಯಾಗಬಹುದು.

ಅಳತೆ

ಕಾರ್ಮಿಕನ ಕೊರಳಪಟ್ಟಿಗೆ ಸಿಕ್ಕಿಸಿದ ಪುಟ್ಟ ಸೈಕ್ಲೋನ್ ದೊಡ್ಡ ಕಣಗಳನ್ನು ಬೇರ್ಪಡಿಸುತ್ತದೆ, ಸೊಂಟದ ಪಂಪು ಸೂಕ್ಷ್ಮಧೂಳನ್ನು ಶೋಧಕದ ಮೇಲೆ ಸಂಗ್ರಹಿಸುತ್ತದೆ. ಶೋಧಕದ ತೂಕದಿಂದ ಧೂಳಿನ ಪ್ರಮಾಣ, ಎಕ್ಸ್‌ರೇ ವಿವರ್ತನೆ ಅಥವಾ ಅವಕೆಂಪು ವಿಧಾನದಿಂದ ಬೆಣಚಿನ ಪಾಲು ಗೊತ್ತಾಗುತ್ತದೆ. ಗ್ರಾಫೈಟಿನ ವಿಷಯದಲ್ಲಿ ಇಲ್ಲೊಂದು ತೊಡಕು: ತಾಮ್ರದ ಎಕ್ಸ್‌ರೇ ಬಳಸಿದಾಗ ಗ್ರಾಫೈಟಿನ ಮುಖ್ಯ ರೇಖೆ ಸುಮಾರು 26.5 ಡಿಗ್ರಿಯಲ್ಲಿ, ಬೆಣಚಿನದು 26.6 ಡಿಗ್ರಿಯಲ್ಲಿ ಬೀಳುತ್ತದೆ. ಎರಡೂ ಒಂದರ ಮೇಲೊಂದು ಕೂತು, ಬೆಣಚು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇಂಗಾಲವನ್ನು ಸುಟ್ಟು ತೆಗೆದ ನಂತರ ಅಥವಾ ಬೆಣಚಿನ ಬೇರೆ ರೇಖೆಗಳನ್ನು ಆಧರಿಸಿ ಅಳೆಯಬೇಕು. ಮಾದರಿ ಕಳುಹಿಸುವವರು ಅದರಲ್ಲಿ ಗ್ರಾಫೈಟ್ ಇದೆಯೆಂದು ಪ್ರಯೋಗಾಲಯಕ್ಕೆ ತಿಳಿಸದಿದ್ದರೆ ವರದಿ ನಂಬಲರ್ಹವಾಗಿರದು.

ನಿಯಂತ್ರಣ ಕ್ರಮಗಳು

ಧೂಳು ಹುಟ್ಟುವಲ್ಲೇ ತಡೆಯುವುದು ಮೊದಲ ಕ್ರಮ. ಪುಡಿಯ ಬದಲು ಗುಳಿಗೆ ಅಥವಾ ಮುದ್ದೆಯ ರೂಪದಲ್ಲಿ ತರಿಸುವುದು, ಅರೆಯುವ ಮತ್ತು ಜರಡಿಯ ಯಂತ್ರಗಳನ್ನು ಮುಚ್ಚುವುದು, ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿಯುವ ಗೊಳವೆಯಿಂದ ತುಂಬುವುದು, ಧೂಳೇಳುವ ಜಾಗಕ್ಕೆ ಹೀರುಗೊಳವೆ ಅಳವಡಿಸುವುದು ಇದರಲ್ಲಿ ಸೇರುತ್ತವೆ. ಹೀರುವ ಬಾಯಿ ಮೂಲದಿಂದ ಸ್ವಲ್ಪ ದೂರವಾದರೂ ಅದರ ಸೆಳೆತ ಬಹಳ ಕುಗ್ಗುತ್ತದೆ. ಯಂತ್ರ ಸ್ವಚ್ಛವಾಗಿ ಕಾಣಲೆಂದು ಗೊಳವೆಯನ್ನು ಅತ್ತ ಸರಿಸಿಟ್ಟ ದೃಶ್ಯ ಸಣ್ಣ ಘಟಕಗಳಲ್ಲಿ ಸಾಮಾನ್ಯ.

ಗಣಿಯಲ್ಲಿ ನೀರು ಹಾಯಿಸುತ್ತ ಕೊರೆಯುವುದು ಬಂಡೆಯ ಧೂಳಿಗೆ ಪರಿಣಾಮಕಾರಿ. ಗ್ರಾಫೈಟ್ ಪುಡಿಗೆ ಬರೀ ನೀರು ಸಾಲದು. ಹಳಕುಗಳು ನೀರಿನ ಮೇಲೆ ತೇಲಿ, ಒಣಗಿದೊಡನೆ ಮತ್ತೆ ಏಳುತ್ತವೆ. ತೇವಕಾರಿ ದ್ರಾವಣ ಬೆರೆಸಿದ ನೀರು ಬೇಕು, ನೆಲ ಜಾರದಂತೆ ಕೂಡಲೇ ಬಳಿದು ತೆಗೆಯಬೇಕು.

ಪೊರಕೆಯಿಂದ ಗುಡಿಸುವುದನ್ನೂ ಕಂಪ್ರೆಸರ್ ಗಾಳಿಯಿಂದ ಬಟ್ಟೆ ಅಥವಾ ಯಂತ್ರ ಊದುವುದನ್ನೂ ನಿಷೇಧಿಸಬೇಕು. ಹೆಪಾ ಶೋಧಕವಿರುವ, ಮೋಟಾರು ಧೂಳಿನಿಂದ ಬೇರ್ಪಟ್ಟಿರುವ, ಅರ್ಥಿಂಗ್ ಮಾಡಿದ ಕೈಗಾರಿಕಾ ವ್ಯಾಕ್ಯೂಮ್ ಬಳಸಬೇಕು. ವಿದ್ಯುತ್ ಪ್ಯಾನೆಲ್‌ಗಳು ಧೂಳು ನುಗ್ಗದ ಪೆಟ್ಟಿಗೆಯಲ್ಲಿರಬೇಕು. ತೆರೆಯುವ ಮುನ್ನ ಸರಬರಾಜು ಕಡಿದು ಬೀಗ ಹಾಕಬೇಕು. ಕೆಲಸದ ಬಟ್ಟೆ ಮನೆಗೆ ಹೋಗದಂತೆ ಕಾರ್ಖಾನೆಯಲ್ಲೇ ಒಗೆಯುವ ಏರ್ಪಾಟು, ಊಟಕ್ಕೆ ಬೇರೆ ಜಾಗ, ಸ್ನಾನದ ಮನೆ ಇರಬೇಕು.

ಮುಖಗವಸು ಕೊನೆಯ ಆಸರೆ. ಎನ್95 ಅಥವಾ ಭಾರತೀಯ ಮಾನಕ ಐಎಸ್ 9473ರ ಎಫ್‌ಎಫ್‌ಪಿ2 ದರ್ಜೆಯ ಗವಸು ಮುಖಕ್ಕೆ ಸರಿಯಾಗಿ ಕೂತರೆ ಮಿತಿಯ ಸುಮಾರು ಹತ್ತು ಪಟ್ಟಿನವರೆಗೆ, ಅಂದರೆ ನೈಸರ್ಗಿಕ ಗ್ರಾಫೈಟಿಗೆ 25 ಮಿಲಿಗ್ರಾಂವರೆಗೆ ರಕ್ಷಣೆ ಕೊಡುತ್ತದೆ. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಸೂಕ್ಷ್ಮಧೂಳನ್ನು ತಡೆಯುವುದಿಲ್ಲ. ಪಿಚ್ಚಿನ ಆವಿಗೂ ಆಮ್ಲದ ಆವಿಗೂ ಧೂಳಿನ ಗವಸು ಸಾಲದು. ತಕ್ಕ ರಾಸಾಯನಿಕ ಶೋಧಕ ಬೇಕು.

ವೈದ್ಯಕೀಯ ತಪಾಸಣೆಯಲ್ಲಿ ಕೆಲಸಕ್ಕೆ ಸೇರುವಾಗ ಮತ್ತು ನಿಯತ ಅವಧಿಗೆ ಎದೆಯ ಎಕ್ಸ್‌ರೇ, ಉಸಿರಿನ ಸ್ಪೈರೋಮೆಟ್ರಿ ಪರೀಕ್ಷೆ ಹಾಗೂ ಕೆಲಸದ ಪೂರ್ಣ ಇತಿಹಾಸ ಇರಬೇಕು. ಎಕ್ಸ್‌ರೇಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಗೀಕರಣದಂತೆ ಓದಬೇಕು. ಕೆಲಸ ಬಿಟ್ಟ ನಂತರವೂ ಕಾಯಿಲೆ ಮುಂದುವರಿಯಬಹುದಾದ್ದರಿಂದ ನಿವೃತ್ತರನ್ನು ತಪಾಸಣೆಯಿಂದ ಕೈಬಿಡುವುದು ಸರಿಯಲ್ಲ.

ಭಾರತದಲ್ಲಿ ಸ್ಥಿತಿ

ಅರುಣಾಚಲ ಪ್ರದೇಶ, ಜಾರ್ಖಂಡ್, ಒಡಿಶಾ, ತಮಿಳುನಾಡುಗಳಲ್ಲಿ ಗ್ರಾಫೈಟ್ ನಿಕ್ಷೇಪಗಳಿವೆ. ತಮಿಳುನಾಡಿನ ಶಿವಗಂಗೆಯಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯ ಗಣಿಯಿದೆ. 1952ರ ಗಣಿ ಕಾಯ್ದೆಯಡಿ ಅಧಿಸೂಚಿತವಾದ ಕಾಯಿಲೆಗಳಲ್ಲಿ ಸಿಲಿಕೋಸಿಸ್ ಮತ್ತು ನ್ಯುಮೋಕೋನಿಯೋಸಿಸ್ ಎರಡೂ ಇದ್ದು, ಗಣಿ ಕಾರ್ಮಿಕರಲ್ಲಿ ಕಂಡುಬಂದರೆ ವರದಿ ಮಾಡುವುದು ಕಡ್ಡಾಯ. ಈ ಕಾಯ್ದೆ ಮತ್ತು ಕಾರ್ಖಾನೆಗಳ ಕಾಯ್ದೆ ಎರಡನ್ನೂ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಒಗ್ಗೂಡಿಸಲಾಗಿದೆ. ಬೆಣಚಿನ ಧೂಳಿನ ಕಾಯಿಲೆ ಕರ್ನಾಟಕಕ್ಕೆ ಹೊಸದಲ್ಲ. ದೇಶದ ಸಿಲಿಕೋಸಿಸ್ ಚರಿತ್ರೆ ಕೋಲಾರದ ಚಿನ್ನದ ಗಣಿಗಳಿಂದಲೇ ಶುರುವಾಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ನಗರದ ವೈಟ್‌ಫೀಲ್ಡ್‌ನಲ್ಲಿ ದಶಕಗಳ ಕಾಲ ನಡೆದ ಗ್ರಾಫೈಟ್ ಎಲೆಕ್ಟ್ರೋಡ್ ಕಾರ್ಖಾನೆ, ಕಪ್ಪು ಧೂಳಿನ ಬಗ್ಗೆ ಸುತ್ತಲಿನ ನಿವಾಸಿಗಳ ದೂರು ಮತ್ತು ಕಾನೂನು ಹೋರಾಟದ ನಡುವೆ 2019ರಲ್ಲಿ ಮುಚ್ಚಿತು.

ಬ್ಯಾಟರಿ ಉದ್ಯಮ

ಲಿಥಿಯಂ-ಅಯಾನ್ ಬ್ಯಾಟರಿಯ ಋಣಧ್ರುವದ ಮುಖ್ಯ ವಸ್ತು ಗ್ರಾಫೈಟ್. ಅದರ ಸಂಸ್ಕರಣೆಯ ಬಹುಪಾಲು ಚೀನಾದಲ್ಲಿದೆ. 2023ರ ಡಿಸೆಂಬರ್‌ನಿಂದ ಆ ದೇಶ ಕೆಲವು ಬಗೆಯ ಗ್ರಾಫೈಟ್ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿತು. ಅದೇ ವರ್ಷ ಭಾರತ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಗ್ರಾಫೈಟ್ ಸೇರಿದೆ.

ಈ ಉದ್ಯಮ ಹಳೆಯ ಅಪಾಯಗಳಿಗೆ ಹೊಸದೊಂದನ್ನು ಸೇರಿಸಿದೆ. ನೈಸರ್ಗಿಕ ಗ್ರಾಫೈಟಿನಲ್ಲಿ ಉಳಿದ ಸಿಲಿಕೇಟುಗಳನ್ನು ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಬಳಸುವ ಪದ್ಧತಿ ವ್ಯಾಪಕವಾಗಿದೆ. ಈ ಆಮ್ಲ ಚರ್ಮದ ಮೂಲಕ ಒಳಗಿಳಿದು ರಕ್ತದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ನೋವು ತಡವಾಗಿ ಕಾಣಿಸಿಕೊಂಡು, ಸಣ್ಣ ಸುಟ್ಟಗಾಯವೂ ಹೃದಯಕ್ಕೆ ಮಾರಕವಾಗಬಹುದು. ಬಿದ್ದ ಜಾಗವನ್ನು ಕೂಡಲೇ ನೀರಿನಿಂದ ತೊಳೆದು ಕ್ಯಾಲ್ಸಿಯಂ ಗ್ಲುಕೊನೇಟ್ ಲೇಪ ಹಚ್ಚಿ ಆಸ್ಪತ್ರೆಗೆ ಸಾಗಿಸಬೇಕು, ಆ ಲೇಪ ಕೆಲಸದ ಜಾಗದಲ್ಲೇ ಇರಬೇಕು. ಆಮ್ಲದ ಬದಲು ಅತಿ ಉಷ್ಣತೆಯಲ್ಲಿ ಶುದ್ಧೀಕರಿಸುವ ವಿಧಾನಗಳೂ ಬಳಕೆಗೆ ಬರುತ್ತಿವೆ. ಅವಕ್ಕೆ ವಿದ್ಯುತ್ ಖರ್ಚು ಹೆಚ್ಚು.

ಬ್ಯಾಟರಿಗಾಗಿ ಹಳಕುಗಳನ್ನು ಗಾಳಿಯ ಸುಳಿಯಲ್ಲಿ ಉರುಳಿಸಿ ಗುಂಡಗಿನ ಕಣಗಳನ್ನಾಗಿ ಮಾಡುವಾಗ ಹಾಕಿದ ಸರಕಿನ ಅರ್ಧಕ್ಕೂ ಹೆಚ್ಚು ಭಾಗ ನುಣುಪು ಪುಡಿಯಾಗಿ ಬೇರೆಯಾಗುತ್ತದೆ. ಈ ಪುಡಿಯನ್ನು ಚೀಲಶೋಧಕಗಳಲ್ಲಿ ಹಿಡಿದು, ಉಂಡೆಕಟ್ಟಿ, ಉಕ್ಕಿನ ಕುಲುಮೆಗಳಿಗೆ ಇಂಗಾಲ ಹೆಚ್ಚಿಸುವ ವಸ್ತುವಾಗಿ ಮಾರಲಾಗುತ್ತದೆ. ಶೋಧಕದ ಚೀಲ ಬದಲಿಸುವ ಮತ್ತು ಪುಡಿ ಇಳಿಸಿಕೊಳ್ಳುವ ಕೆಲಸ ಈ ಘಟಕಗಳಲ್ಲಿ ಅತಿ ಹೆಚ್ಚು ಧೂಳಿನದು; ಅದನ್ನು ಯಂತ್ರ ನಿಲ್ಲಿಸಿ, ಪೂರ್ಣ ಮುಖದ ಉಸಿರು ರಕ್ಷಕ ತೊಟ್ಟೇ ಮಾಡಬೇಕು.